ಪರದೇಶಿಯ ಅಜ್ಞಾತವಾಸ

ವೇಷ ಮರೆಸಿಕೊಂಡು ಪರರ ನಡುವೆ ಬಾಳುವುದು ಎಷ್ಟು ಕಷ್ಟವೆಂಬುದನ್ನು ಪಾಂಡವರನ್ನು ಕೇಳಬೇಕು. ವಿರಾಟನ ಅರಮನೆಯಲ್ಲಿ ಭೀಮ ಸೌಟು ಹಿಡಿದ, ಅರ್ಜುನ ಗೆಜ್ಜೆ ಕಟ್ಟಿದ, ದ್ರೌಪದಿ ಹೂಮಾಲೆ ಕಟ್ಟುವ ಸೈರಂಧ್ರಿಯಾದಳು. ಆದರೂ ಅವಳನ್ನು ಕಂಡೊಡನೆಯೇ ರಾಣಿ ಸುದೇಷ್ಣೆಗೆ, ಈಕೆ ಬರಿಯ ದಾಸಿಯಾಗಿರಲಾರಳು ಎಂಬ ಸಂಶಯ ಹುಟ್ಟಿತು. ಅಂಥವರಿಗೇ ದುಸ್ತರವಾದ ಈ ವಿದ್ಯೆಯನ್ನು ಮೂರು ವಾರದ ರಜೆಯಲ್ಲಿ ಸಾಧಿಸಿಬಿಡಬೇಕೆಂದು ಹೊರಡುವ ಪ್ರವಾಸಿಯೊಬ್ಬನಿದ್ದಾನೆ. ಅವನು ಅಮೆರಿಕದವನು.

ಉಳಿದ ದೇಶದವರಿಗೆ ಈ ಚಿಂತೆ ಇಷ್ಟಾಗಿ ಇದ್ದಂತೆ ಕಾಣುವುದಿಲ್ಲ. ಇಂಗ್ಲಿಷಿನವನು ಎಲ್ಲಿಗೆ ಹೋದರೂ ಇಂಗ್ಲಿಷಿನವನಾಗಿಯೇ ಇರುವುದಕ್ಕೆ ನಾಚುವುದಿಲ್ಲ. ಅಮೆರಿಕದವನಿಗೆ ಮಾತ್ರ ಮನೆಯ ಹೊಸ್ತಿಲು ದಾಟುವ ಮೊದಲೇ ಅಳುಕು. ಬಿಳಿಯ ಓಟದ ಬೂಟು ಹಾಕಬೇಡ, ಬೇಸ್‌ಬಾಲ್ ಟೋಪಿ ತಲೆಯ ಮೇಲಿಡಬೇಡ, ಗಟ್ಟಿಯಾಗಿ ನಗಬೇಡ, ನಮ್ಮಲ್ಲಿ ಹೀಗಲ್ಲ ಎಂದು ಬಾಯಿ ಬಿಡಬೇಡ ಎಂದು ಅವನಿಗೆ ದೊರೆಯುವ ಬುದ್ಧಿಮಾತುಗಳಿಗೆ ಲೆಕ್ಕವಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಭಾರತಕ್ಕೆ ಬಂದ ಸೈನಿಕರಿಗೂ ಅವರ ಸರ್ಕಾರ ಇಲ್ಲಿಯ ರೀತಿನೀತಿಗಳನ್ನು ಕುರಿತ ಪುಟ್ಟ ಕೈಪಿಡಿಯೊಂದನ್ನು ಅಚ್ಚು ಹಾಕಿಸಿತ್ತು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ತಮ್ಮ ದೇಶದ ಹೆಸರಿಗೇ ಹೆದರಿದ ತರುಣರು ಬೆನ್ನುಚೀಲದ ಮೇಲೆ ನೆರೆಯ ಕೆನಡಾದ ಮೇಪಲ್ ಎಲೆಯ ಬಾವುಟ ಹೊಲಿದುಕೊಂಡು ತಿರುಗಿದರು. ಆ ಉಪಾಯದ ಮಾತು ಇಂದಿಗೂ ಅಳಿದಿಲ್ಲ.

ಈ ಅಳುಕಿಗೆ ಒಂದು ಪುಸ್ತಕವೂ ಹೆಸರು ಕೊಟ್ಟಿತು. 1958ರಲ್ಲಿ ಲೆಡರರ್ ಮತ್ತು ಬರ್ಡಿಕ್ ಎಂಬಿಬ್ಬರು ಬರೆದ ‘ದಿ ಅಗ್ಲಿ ಅಮೆರಿಕನ್’ ಕಾದಂಬರಿ ಪ್ರಸಿದ್ಧವಾದ ಮೇಲೆ, ಪರದೇಶದಲ್ಲಿ ದರ್ಪದಿಂದ ನಡೆದುಕೊಳ್ಳುವವನಿಗೆಲ್ಲ ‘ಕುರೂಪಿ ಅಮೆರಿಕದವನು’ ಎಂಬ ಬಿರುದು ಅಂಟಿತು. ತಮಾಷೆಯೆಂದರೆ, ಆ ಕತೆಯ ಕುರೂಪಿಯೇ ಅದರ ಸಜ್ಜನ. ಕೈಗೆ ಮಸಿ ಹತ್ತಿಸಿಕೊಂಡು ಹಳ್ಳಿಯವರ ಜತೆ ಕುಳಿತು ಸೈಕಲ್ಲಿನ ಬಲದಿಂದ ನೀರೆತ್ತುವ ಯಂತ್ರ ಮಾಡುವ ಎಂಜಿನಿಯರ್ ಆತ. ಚೆನ್ನಾಗಿ ಉಡುಪು ತೊಟ್ಟು ರಾಜಧಾನಿಯಲ್ಲಿ ಔತಣಕೂಟಗಳಿಗೆ ಹೋಗುವವರೇ ಅಲ್ಲಿ ಬೇರೆ. ಓದದವರು ಹೆಸರನ್ನು ತಲೆಕೆಳಗು ಮಾಡಿ ಬಳಕೆಗೆ ತಂದರು. ಇರಲಿ.

ಮೈಸೂರಿಗೆ ಈ ಯಾತ್ರಿಕ ಹೊಸಬನಲ್ಲ. 1972ರಲ್ಲಿ ನಾರ್ಮನ್ ಆಲೆನ್, ಮರುವರ್ಷ ಡೇವಿಡ್ ವಿಲಿಯಮ್ಸ್ ಮತ್ತು ನ್ಯಾನ್ಸಿ ಗಿಲ್ಗಾಫ್ ಲಕ್ಷ್ಮೀಪುರದಲ್ಲಿ ಕೆ. ಪಟ್ಟಾಭಿ ಜೋಯಿಸರ ಬಳಿ ಯೋಗ ಕಲಿಯಲು ಬಂದರು. ಆಮೇಲೆ ಬಂದವರ ಸಾಲು ಮುಗಿಯಲೇ ಇಲ್ಲ. ಜೋಯಿಸರು 2009ರಲ್ಲಿ ತೀರಿಕೊಂಡರು. ಗೋಕುಲಂನ ಎಳನೀರು ಮಾರುವವರ ಮುಂದೆ ಪರದೇಶಿಗಳು ನಿಲ್ಲುವುದು ಮಾತ್ರ ತಪ್ಪಲಿಲ್ಲ. ಬಿಡುವಿನ ದಿನ ಅವರಲ್ಲಿ ಹಲವರು ನಂಜನಗೂಡಿಗೋ ಸೋಮನಾಥಪುರಕ್ಕೋ ತಲಕಾಡಿಗೋ ಹೊರಡುತ್ತಾರೆ. ಗೋಕುಲಂನಲ್ಲಿ ಅವರನ್ನು ಕಂಡು ಯಾರಿಗೂ ಬೆರಗಿಲ್ಲ. ಪರೀಕ್ಷೆ ಮೊದಲಾಗುವುದು ನಂಜನಗೂಡಿನ ಬಸ್ಸಿನಲ್ಲಿ.

ಸುಮಾರು 25 ಕಿಲೋಮೀಟರ್ ದಾರಿ. ಪಕ್ಕದಲ್ಲಿ ಕುಳಿತ ವೃದ್ಧೆ ಚಾಮುಂಡಿಬೆಟ್ಟ ಹಿಂದಾಗುವ ಮೊದಲೇ ವಿಚಾರಣೆ ಆರಂಭಿಸುತ್ತಾಳೆ. “ಯಾವ ದೇಶದವರಪ್ಪಾ ನೀವು?” ಆತ ಕಲಿತುಕೊಂಡು ಬಂದಂತೆ ಕೆನಡಾ ಎನ್ನುತ್ತಾನೆ. “ಅಮೆರಿಕದ ಹತ್ತಿರ ಅಲ್ವಾ? ನಮ್ಮ ತಂಗಿ ಮಗ ಅಲ್ಲೇ ಇರೋದು.” ಅಲ್ಲಿಗೆ ಮೇಪಲ್ ಎಲೆ ಉದುರಿತು. ಮದುವೆ ಆಗಿದೆಯೆ, ಮಕ್ಕಳೆಷ್ಟು, ಇಲ್ಲದಿದ್ದರೆ ಏಕಿಲ್ಲ, ತಾಯಿತಂದೆ ಯಾರ ಬಳಿ ಇದ್ದಾರೆ, ಸಂಬಳವೆಷ್ಟು, ಎಂದು ಒಂದಾದ ಮೇಲೊಂದು ಪ್ರಶ್ನೆ. ಆತನ ಕೈಪಿಡಿಯ ಪ್ರಕಾರ ಇವೆಲ್ಲ ಸಭ್ಯರು ಕೇಳಬಾರದ ಪ್ರಶ್ನೆಗಳು. ತನ್ನನ್ನು ತಿರಸ್ಕರಿಸಿ ಕೆಣಕುತ್ತಿದ್ದಾರೆಂದು ಅವನ ಮುಖ ಬಾಡುತ್ತದೆ. ವಾಸ್ತವವಾಗಿ ಅವನಿಗೆ ಇಲ್ಲಿ ಕೂರಲು ಮಣೆ ಹಾಕಲಾಗುತ್ತಿದೆ. ತಾಯಿಯಿದ್ದಾಳೆಂದು ತಿಳಿದ ಮೇಲೆ ಅವನು ಯಾರದೋ ಮಗ. ತಮ್ಮನಿದ್ದಾನೆಂದ ಮೇಲೆ ಯಾರಿಗೋ ಅಣ್ಣ. ಏನೂ ಹೇಳದೆ ಮುಗುಳ್ನಕ್ಕು ಕುಳಿತವನೇ ಕೊನೆಯವರೆಗೂ ಪರಕೀಯ.

ಉಡುಪಿನ ವಿಷಯದಲ್ಲಂತೂ ಬುದ್ಧಿಮಾತು ಕೇಳಿದವರೇ ಹೆಚ್ಚು ಎಡವುತ್ತಾರೆ. ಊರಿನವರಂತೆ ಕಾಣಬೇಕೆಂಬ ಹಂಬಲದಿಂದ ಕಾವಿಯ ಜುಬ್ಬ ತೊಟ್ಟು, ಕೊರಳಿಗೆ ರುದ್ರಾಕ್ಷಿ ಹಾಕಿ, ಹಣೆಗೆ ಮೂರು ಬೆರಳಿನ ವಿಭೂತಿ ಬಳಿದುಕೊಂಡು ಇಳಿಯುತ್ತಾರೆ. ನಂಜನಗೂಡಿನ ಗುಮಾಸ್ತ, ಅಂಗಡಿಯವ, ಕಾಲೇಜಿನ ಹುಡುಗ ಎಲ್ಲರೂ ಷರಟು ಪ್ಯಾಂಟಿನಲ್ಲಿದ್ದಾರೆ. ಇಡೀ ರಥಬೀದಿಯಲ್ಲಿ ಸಂನ್ಯಾಸಿಯಂತೆ ಕಾಣುವವನು ಇವನೊಬ್ಬನೇ. ಭುಜ ಮೊಣಕಾಲು ಮುಚ್ಚುವ ಸಾಧಾರಣ ಬಟ್ಟೆ ಸಾಕು. ಚಪ್ಪಲಿ ಹೊರಗೆ ಬಿಡಬೇಕು, ನಡುಹಗಲಿನಲ್ಲಿ ಕಲ್ಲು ಕಾದು ಅಂಗಾಲು ಸುಡುವುದರಿಂದ ಬೆಳಗ್ಗೆಯೇ ಹೋಗಬೇಕು, ತೀರ್ಥವನ್ನೂ ಪ್ರಸಾದವನ್ನೂ ಬಲಗೈಯಲ್ಲೇ ಪಡೆಯಬೇಕು, ಗರ್ಭಗುಡಿಯ ಕಡೆ ಕ್ಯಾಮೆರಾ ಎತ್ತಬಾರದು. ಇಷ್ಟು ಅರಿತವನನ್ನು ಯಾರೂ ಹಳಿಯುವುದಿಲ್ಲ.

ಹೊರಗಿನವರನ್ನು ಕಂಡು ಬೆದರುವ ಕ್ಷೇತ್ರವೂ ಇದಲ್ಲ. ಟಿಪ್ಪುವಿನ ಪಟ್ಟದಾನೆಯ ಕಣ್ಣು ಇಲ್ಲಿಯ ದೇವರಿಗೆ ಹರಕೆ ಹೊತ್ತ ಮೇಲೆ ಗುಣವಾಯಿತೆಂದೂ, ಅದಕ್ಕಾಗಿ ಸುಲ್ತಾನ ಪಚ್ಚೆಯ ಲಿಂಗವನ್ನು ಒಪ್ಪಿಸಿ ಸ್ವಾಮಿಯನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂದೂ ಐತಿಹ್ಯ. ಸುಲ್ತಾನ ತನ್ನ ಭಾಷೆಯಲ್ಲಿಯೇ ದೇವರಿಗೆ ವೈದ್ಯಪದವಿ ಕೊಟ್ಟ. ಊರು ಆ ಹೆಸರನ್ನು ಮೆಚ್ಚಿ ಇಟ್ಟುಕೊಂಡಿತು.

ಆದರೆ ಒಳಗೊಳ್ಳುವುದೆಂದರೇನು? ಇದಕ್ಕೆ ಉತ್ತರ ಬೇಕಾದರೆ ಪಕ್ಕದ ತಿ. ನರಸೀಪುರ ತಾಲ್ಲೂಕಿನ ಕೊಡಗಹಳ್ಳಿಗೆ ಹೋಗಬೇಕು. 1948ರಲ್ಲಿ ಆ ಹಳ್ಳಿಗೆ ಬಂದು ನೆಲೆಸಿದವರು ಅಮೆರಿಕದವರಲ್ಲ. ಮೈಸೂರಿನಲ್ಲಿಯೇ ಹುಟ್ಟಿ, ಮಹಾರಾಜಾ ಕಾಲೇಜಿನಲ್ಲಿ ಓದಿ, ಆಕ್ಸ್‌ಫರ್ಡಿನಲ್ಲಿ ಪದವಿ ಪಡೆದು ಬಂದ ಎಂ. ಎನ್. ಶ್ರೀನಿವಾಸ್. ಕನ್ನಡ ಬಲ್ಲವರು, ಮೈಸೂರಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಊರು. ಇವರಿಗಿಂತ ಸುಲಭವಾಗಿ ಹಳ್ಳಿಯಲ್ಲಿ ಬೆರೆಯುವವರು ಯಾರು ಎನ್ನಿಸಬೇಕು. ಹಳ್ಳಿಯ ಯೋಚನೆ ಬೇರೆಯಾಗಿತ್ತು. ಪಟೇಲರು ತಮ್ಮ ಎತ್ತುಗಳನ್ನು ಕಟ್ಟುವ ಮನೆಯಲ್ಲಿ ಅವರಿಗೆ ಬಿಡಾರ ಕೊಟ್ಟರು. ಅವರು ಎಲ್ಲರಂತೆ ಇರಬೇಕೆಂದರೆ ಹಳ್ಳಿಯವರು ಒಪ್ಪಲಿಲ್ಲ. ಬ್ರಾಹ್ಮಣರಾದವರು ಬ್ರಾಹ್ಮಣರಂತೆಯೇ ನಡೆಯಬೇಕು. ಸ್ನಾನವಾದ ಮೇಲೆ ಕ್ಷೌರ ಮಾಡಿಕೊಂಡರೆ, ಅದು ಮೊದಲು ಆಗಬೇಕಾದ ಕೆಲಸವೆಂದು ತಿದ್ದಿದರು. ಶ್ರೀನಿವಾಸ್ ಮರೆತಿದ್ದ ಆಚಾರವನ್ನು ಒಕ್ಕಲಿಗರ ಹಳ್ಳಿ ನೆನಪಿಟ್ಟಿತ್ತು! ಅವರು ಕೊರಳಿಗೆ ತೂಗುಹಾಕಿಕೊಂಡು ತಿರುಗುತ್ತಿದ್ದ ಕ್ಯಾಮೆರಾ ಹಳ್ಳಿಯ ಬಾಯಲ್ಲಿ ‘ಚಾಮರ’ವಾಯಿತು. ಫೋಟೋ ತೆಗೆಯುವವರೆಂಬ ಗುರುತು ಸಿಕ್ಕಿದ ಮೇಲೆ ಮನೆಮನೆಯ ಬಾಗಿಲು ತೆರೆಯಿತು.

ಹೀಗೆ ದೊರೆತ ಜಾಗಕ್ಕೆ ಬೆಲೆಯೂ ಉಂಟು. ಪಟೇಲರ ಅತಿಥಿಗೆ ಪಟೇಲರ ಜಗಲಿಯಿಂದ ಕಾಣುವಷ್ಟೇ ಹಳ್ಳಿ ಕಂಡಿತು. ಹರಿಜನರ ಕೇರಿಯ ಕಡೆ ಹೆಜ್ಜೆ ಸಲೀಸಾಗಿ ಸಾಗಲಿಲ್ಲ. ತಾವು ಚಿತ್ರಿಸಿದ್ದು ಮೇಲಿನ ಜಾತಿಗಳವರ ಕಣ್ಣಿನ ಹಳ್ಳಿಯೆಂದು ಶ್ರೀನಿವಾಸರೇ ಮುಂದೆ ಒಪ್ಪಿಕೊಂಡರು. ಇದು ಯಾವ ಕೈಪಿಡಿಯಲ್ಲೂ ಕಾಣದ ಎಚ್ಚರಿಕೆ. ಇಂದಿನ ಪರದೇಶಿಯನ್ನು ದೇವಸ್ಥಾನಕ್ಕೆ ಕರೆದೊಯ್ಯುವ ಮೈಸೂರಿನ ಮನೆಯವರೂ ತಮ್ಮ ಬೀದಿಯನ್ನು ತೋರಿಸುತ್ತಾರೆಯೇ ಹೊರತು ಎಲ್ಲ ಬೀದಿಗಳನ್ನೂ ಅಲ್ಲ. ತನ್ನನ್ನು ಯಾರ ಮನೆಯ ಅತಿಥಿಯೆಂದು ಊರು ಎಣಿಸಿದೆ ಎಂಬುದನ್ನು ಅತಿಥಿ ತಿಳಿದಿರುವುದು ಒಳ್ಳೆಯದು.

ಆ ಹಳ್ಳಿಯ ಕತೆಗೂ ಅಮೆರಿಕಕ್ಕೂ ನಂಟಿದೆ. 1970ರ ಏಪ್ರಿಲ್ 24ರಂದು ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಶ್ರೀನಿವಾಸರು ಸಂಸ್ಕರಿಸಿಟ್ಟಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದವು. ನೆನಪಿನಿಂದಲೇ ಬರೆಯಿರಿ ಎಂದು ಸೋಲ್ ಟ್ಯಾಕ್ಸ್ ಎಂಬ ಅಮೆರಿಕದ ವಿದ್ವಾಂಸರು ಒತ್ತಾಯಿಸಿದರು. 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಹೊರಬಂತು. ಅದರಲ್ಲಿ ಕೊಡಗಹಳ್ಳಿಯ ಹೆಸರು ರಾಂಪುರ.

ಇಷ್ಟಾದರೂ ಬಿಳಿಯ ಚರ್ಮದವನ ಕಷ್ಟ ಸರಳ. ಅವನು ಪರದೇಶಿಯೆಂದು ಎಲ್ಲರಿಗೂ ಗೊತ್ತು. ತಪ್ಪಿದರೆ ಕ್ಷಮೆಯೂ ಕೂಡಲೇ ದೊರೆಯುತ್ತದೆ. ಕಠಿಣವಾದ ಪರೀಕ್ಷೆ ಬೇರೊಬ್ಬ ಅಮೆರಿಕದವಳದು. ಆಕೆಯ ಬಣ್ಣ ಇಲ್ಲಿಯದು, ಕಣ್ಣು ಮೂಗು ಅಜ್ಜಿಯದು, ಪಾಸ್‌ಪೋರ್ಟು ಮಾತ್ರ ಅಮೆರಿಕದ್ದು. ಮೈಸೂರಿನ ಎಷ್ಟೋ ಮನೆಗಳಲ್ಲಿ ಇಂಥ ಮೊಮ್ಮಗಳಿದ್ದಾಳೆ. ನಂಜುಂಡೇಶ್ವರ ಮನೆದೇವರಾದ ಕಾರಣ, ಅವಳ ಮಗುವಿನ ಮೊದಲ ಮುಡಿ ಕಪಿಲೆಯ ಸ್ನಾನಘಟ್ಟದಲ್ಲೇ ತೆಗೆಯಬೇಕೆಂದು ಹಿರಿಯರ ಹರಕೆ. ಎರಡು ವಿಮಾನ ಬದಲಿಸಿ, ನಿದ್ದೆಗೆಟ್ಟು ಬಂದಿದ್ದಾಳೆ. ಅಜ್ಜಿಯ ರೇಷ್ಮೆ ಸೀರೆ ಉಟ್ಟಿದ್ದಾಳೆ. ಆದರೆ ಮೆಟ್ಟಿಲಿಳಿಯುವ ನಡಿಗೆಯೇ ಬೇರೆ. ಹೂವಿನವಳು ಕ್ಷಣದಲ್ಲಿ ಗುರುತಿಸಿ ಮೊಳಕ್ಕೆ ಹತ್ತು ರೂಪಾಯಿ ಏರಿಸುತ್ತಾಳೆ. ಅರ್ಚಕರು ಗೋತ್ರ ಕೇಳಿದಾಗ ಆಕೆ ಅಮ್ಮನ ಮುಖ ನೋಡುತ್ತಾಳೆ. ಇದೇ ತಪ್ಪು ಬಿಳಿಯನಿಂದಾಗಿದ್ದರೆ ಎಲ್ಲರೂ ನಗುತ್ತಿದ್ದರು. ಇವಳಿಂದಾದಾಗ ಹಿಂದಿನ ಸಾಲಿನಿಂದ, “ಏನೂ ಕಲಿಸಿಲ್ಲ ಮಕ್ಕಳಿಗೆ” ಎಂಬ ಮಾತು ಬರುತ್ತದೆ. ಪೆಟ್ಟು ಬೀಳುವುದು ಅವಳಿಗಲ್ಲ, ಅವಳ ತಾಯಿಗೆ.

ಕಾನೂನಿಗೂ ಈ ಗೊಂದಲ ಗೊತ್ತು. ಸೋಮನಾಥಪುರದ ಕೇಶವ ದೇವಾಲಯ 2023ರಲ್ಲಿ ಬೇಲೂರು ಹಳೇಬೀಡುಗಳೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಯ ಟಿಕೆಟ್ ಕಿಟಕಿಯಲ್ಲಿ ಭಾರತೀಯರಿಗೊಂದು ದರ, ವಿದೇಶೀಯರಿಗೆ ಅದರ ಎಷ್ಟೋ ಪಟ್ಟು. ಸಾಗರೋತ್ತರ ಪೌರತ್ವದ ಕಾರ್ಡು ತೋರಿಸಿದರೆ ಮೊಮ್ಮಗಳಿಗೆ ಭಾರತೀಯರ ದರವೇ. ಕಾರ್ಡು ಮನೆಯಲ್ಲಿ ಮರೆತ ದಿನ ಅವಳ ಮುಂದೆ ಎರಡು ದಾರಿ: ಬಾಯಿ ಮುಚ್ಚಿಕೊಂಡು ಮುಖದ ಬಲದಿಂದ ಒಳಗೆ ಹೋಗುವುದು, ಇಲ್ಲವೆ ಸತ್ಯ ಹೇಳಿ ಹೆಚ್ಚಿನ ಹಣ ತೆರುವುದು. ಧರ್ಮರಾಯ ಕೂಡ ಕಂಕಭಟ್ಟನಾಗಿ ಸುಳ್ಳು ಹೇಳಬೇಕಾಗಿ ಬಂದಿತ್ತು.

ಇವಳಿಗೆ ಕೊಡಬೇಕಾದ ಬುದ್ಧಿಮಾತು ಬಿಳಿಯನಿಗೆ ಕೊಡುವುದಕ್ಕಿಂತ ಭಿನ್ನವಲ್ಲ. ಕೇಳುವವರು ಮಾತ್ರ ಬೇರೆ. ಅದು ಸಲ್ಲಬೇಕಾದದ್ದು ಮನೆಯವರಿಗೆ. ಗೋತ್ರವನ್ನು ಹಿಂದಿನ ರಾತ್ರಿಯೇ ಹೇಳಿಕೊಡಬಹುದು. ‘ಊಟ ಆಯ್ತಾ’ ಎಂದರೆ ಕುಶಲಪ್ರಶ್ನೆಯೆಂದೂ, ಇನ್ನೂ ಇಲ್ಲವೆಂದು ನಿಜ ನುಡಿದರೆ ಪಾಪ ಆ ಮನೆಯಾಕೆ ಒಲೆ ಹೊತ್ತಿಸಬೇಕಾಗುತ್ತದೆಂದೂ ತಿಳಿಸಬಹುದು. ಎಲೆಯ ಮೇಲೆ ಎರಡು ಕೈ ಅಡ್ಡ ಹಿಡಿಯದೆ ಬರಿಯ ‘ಸಾಕು’ ಎಂದರೆ ಬಡಿಸುವವರು ನಂಬುವುದಿಲ್ಲ. ಮಾತುಮಾತಿಗೆ ಥ್ಯಾಂಕ್ಸ್ ಎನ್ನುವ ಅಭ್ಯಾಸದಿಂದ ಸೋದರತ್ತೆಗೆ ದುಃಖವಾಗುತ್ತದೆ, ತನ್ನನ್ನು ಹೊರಗಿನವಳಾಗಿ ಮಾಡಿದಳೆಂದು. ಇವನ್ನೆಲ್ಲ ಹೇಳಿಕೊಡದೆ, ಬಂದ ಮೇಲೆ ಸಾಲಿನಲ್ಲಿ ನಿಂತು ನಗುವುದು ಯಾವ ನ್ಯಾಯ?

ಮುಡಿ ಮುಗಿದ ಮೇಲೆ ಹಲವು ಕುಟುಂಬಗಳು ತಿ. ನರಸೀಪುರಕ್ಕೂ ಹೋಗುವುದುಂಟು. ಕಾವೇರಿ ಕಪಿಲೆಯರು ಅಲ್ಲಿ ಕೂಡುತ್ತಾರೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿಕೊಂಡು ತ್ರಿಮಕೂಟವೆಂದು ಹೆಸರು. ಗುಂಜಾನರಸಿಂಹ ಗುಲಗಂಜಿ ಹಿಡಿದು, ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚೆನ್ನುತ್ತಾನಂತೆ. 1989ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳ ನಡೆದುಬಂದಿದೆ. ಆ ಜನಜಂಗುಳಿಯಲ್ಲಿ ಮಂಡ್ಯದವರಿಗೆ ಚಾಮರಾಜನಗರದವರು ಹೊಸಬರು, ಅವರಿಬ್ಬರಿಗೂ ಬೆಂಗಳೂರಿನವರು ಹೊಸಬರು. ಹೆಗಲ ಮೇಲೆ ಗಂಧ ಬಳಿದ ಬೋಳುತಲೆಯ ಮಗುವನ್ನು ಹೊತ್ತ ತರುಣಿಯನ್ನು ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಮೆಟ್ಟಿಲ ಮೇಲೆ ಬಟ್ಟೆ ಹಿಂಡುತ್ತಿರುವ ಹೆಂಗಸು ಜಾಗ ಬಿಟ್ಟುಕೊಟ್ಟು, “ಜಾರುತ್ತೆ ಕಣಮ್ಮ, ಮಗೂನ ಇತ್ತ ಕೊಡು” ಎಂದು ಕೈ ಚಾಚುತ್ತಾಳೆ. ಯಾವ ಊರೆಂದು ಕೇಳುವುದು ಆಮೇಲೆ.