ಅಜ್ಜಿಯ ತವರಿಗೆ ವಿಮಾನ

ಕಳೆದ ಬೇಸಿಗೆ ರಜೆಯಲ್ಲಿ ಹಿರೇಕೊಡಿಗೆಯ ನಮ್ಮ ಮನೆಯ ಜಗಲಿ ಹದಿನೈದು ದಿನ ವಿಮಾನ ನಿಲ್ದಾಣವಾಗಿತ್ತು. ಬೆಂಗಳೂರಿನಿಂದ ಬಂದ ಹದಿಮೂರು ವರ್ಷದ ಮೊಮ್ಮಗ ಬಟ್ಟೆಯ ಚೀಲಕ್ಕಿಂತ ದೊಡ್ಡದೊಂದು ಪೆಟ್ಟಿಗೆ ತಂದಿದ್ದ. ಅದರಲ್ಲಿ ಅವನ ಅಪ್ಪನ ಹಳೆಯ ಕಂಪ್ಯೂಟರ್, ವಿಮಾನ ನಡೆಸಲು ಒಂದು ಜಾಯ್‌ಸ್ಟಿಕ್, ಮುಖಕ್ಕೆ ಕಟ್ಟಿಕೊಳ್ಳುವ ಕ್ವೆಸ್ಟ್ 2 ಎಂಬ ದಪ್ಪ ಕನ್ನಡಕ.

ಈ ಕನ್ನಡಕದ ಒಳಗೆ ಒಂದೊಂದು ಕಣ್ಣಿಗೂ ಬೇರೆ ಬೇರೆ ಚಿತ್ರ ಕಾಣುತ್ತದೆ. ತಲೆ ತಿರುಗಿಸಿದರೆ ಚಿತ್ರವೂ ತಿರುಗುತ್ತದೆ. ಹಾಗಾಗಿ ವಿಮಾನದ ಒಳಗೇ ಕೂತಂತೆ ಅನಿಸುತ್ತದೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಂಬ ಆಟದಲ್ಲಿ ಆಕಾಶದಿಂದ ತೆಗೆದ ಚಿತ್ರಗಳನ್ನೇ ಹಾಸಿ ಇಡೀ ಭೂಮಿಯನ್ನು ಕಟ್ಟಿದ್ದಾರೆ. ಮಂಗಳೂರಿನಿಂದ ಹೊರಟು, ಆಗುಂಬೆ ಘಾಟಿ ದಾಟಿ, ನಮ್ಮೂರ ಮೇಲೂ ಹಾರಬಹುದು.

ಮೊಮ್ಮಗ ಇದನ್ನೆಲ್ಲ ವಿವರಿಸುತ್ತಿದ್ದಾಗ ಅಜ್ಜಿ ಒಳಗಿನಿಂದ ಬಂದು ಕೇಳಿದಳು: "ನನ್ನ ತವರು ಕಾಣ್ತದಾ ಮಗಾ ಅದರಲ್ಲಿ?"

ನಾನು ಸುಮ್ಮನಾದೆ. ನಮ್ಮೂರಿಗೆ ತವರೆಂದರೆ ಹೆಮ್ಮೆ; ಕುವೆಂಪು 1904ರಲ್ಲಿ ಹುಟ್ಟಿದ್ದು ಇದೇ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ನನ್ನ ಹೆಂಡತಿಯ ತವರು ಮಾತ್ರ ನೀರಿನ ಅಡಿಯಲ್ಲಿದೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆದಾಗ ಅವಳಿಗೆ ಹತ್ತು ವರ್ಷ. ಮನೆ, ತೋಟ, ಗದ್ದೆ ಎಲ್ಲ ಬಿಟ್ಟು ಲಾರಿ ಹತ್ತಿದವರು. ಮಳೆಗಾಲದಲ್ಲಿ ಪೇಪರು ಬಂದರೆ ಅವಳು ಮೊದಲು ಓದುವುದು ಲಿಂಗನಮಕ್ಕಿಯ ನೀರಿನ ಮಟ್ಟ. ಪೂರ್ಣ ಮಟ್ಟ 1819 ಅಡಿ ಎನ್ನುವುದು ಅವಳಿಗೆ ಬಾಯಿಪಾಠ. ಆದರೆ ಮತ್ತೆ ಆ ಕಡೆ ಹೋದವಳಲ್ಲ.

"ಕಾಣ್ತದೆ ಅಜ್ಜೀ, ಬನ್ನಿ" ಎಂದು ಮೊಮ್ಮಗ ಕೂಡಲೇ ಕೂರಿಸಿಬಿಟ್ಟ. ಅಜ್ಜಿಗೆ ಚೆಂದ ಕಾಣಲಿ ಎಂದು ಎಲ್ಲ ಸೆಟ್ಟಿಂಗನ್ನೂ 'ಅಲ್ಟ್ರಾ'ಕ್ಕೆ ಇಟ್ಟ. ಎರಡು ನಿಮಿಷ ಆಗಿರಲಿಲ್ಲ, ಅವಳು ಕನ್ನಡಕ ಕಿತ್ತು ಬಚ್ಚಲಿಗೆ ಓಡಿದಳು. ಆಮೇಲೆ ನಿಂಬೆಹಣ್ಣು ಮೂಸುತ್ತಾ ಮಲಗಿ, "ಆಗುಂಬೆ ಬಸ್ಸೇ ವಾಸಿ. ಇನ್ನು ಇದರ ಸುದ್ದಿ ನನ್ನ ಹತ್ರ ಬೇಡ" ಅಂದಳು. ಹುಡುಗನ ಮುಖ ಸಣ್ಣದಾಯಿತು. ರಾತ್ರಿ ಊಟವೂ ಸರಿಯಾಗಿ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ನಾನೇ ಅವನನ್ನು ಕರೆದೆ. "ಯಾಕೆ ಹೀಗಾಯ್ತು ಅಂತ ನೋಡುವ. ನನಗೆ ಕಂಪ್ಯೂಟರ್ ಬಾರದು, ಲೆಕ್ಕ ಬರ್ತದೆ."

ಮೊದಲು ಕಾರಣ. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಎಂಬವರು ಪೈಲಟ್‌ಗಳ ತರಬೇತಿಗೆ ಒಂದು ಪೆಟ್ಟಿಗೆ ಮಾಡಿದರು. ಅವರ ತಂದೆಯದು ಆರ್ಗನ್ ವಾದ್ಯ ತಯಾರಿಸುವ ಕಾರ್ಖಾನೆ. ನಮ್ಮ ಹಾರ್ಮೋನಿಯಂಗೆ ಇರುವಂಥ ತಿದಿಗಳನ್ನೇ ಪೆಟ್ಟಿಗೆಯ ಅಡಿಗೆ ಇಟ್ಟು, ಗಾಳಿ ತುಂಬಿ, ಅದು ವಿಮಾನದಂತೆ ವಾಲುವ ಹಾಗೆ ಮಾಡಿದರು. ಅಲ್ಲಿ ಮೈ ವಾಲುತ್ತಿತ್ತು, ಹೊರಗಿನ ನೋಟ ಇರಲಿಲ್ಲ. ಈಗಿನ ಕನ್ನಡಕದಲ್ಲಿ ಅದು ತಿರುಗುಮುರುಗು: ನೋಟ ವಾಲುತ್ತದೆ, ಮೈ ಕುರ್ಚಿಯಲ್ಲೇ ಇರುತ್ತದೆ. ಕಣ್ಣು 'ಹೋಗುತ್ತಿದ್ದೇವೆ' ಅನ್ನುತ್ತದೆ, ಕಿವಿಯೊಳಗಿನ ಸಮತೋಲದ ಅಂಗ 'ಇಲ್ಲ, ಕೂತಿದ್ದೇವೆ' ಅನ್ನುತ್ತದೆ. ಈ ಜಗಳಕ್ಕೇ ಹೊಟ್ಟೆ ತೊಳಸುವುದು. ಅದರ ಮೇಲೆ ಚಿತ್ರವೂ ತಡೆ ತಡೆದು ಬಂದರೆ ಮುಗಿಯಿತು.

ಈ ಕನ್ನಡಕವನ್ನು ಸೆಕೆಂಡಿಗೆ 72 ಚಿತ್ರ ತೋರಿಸುವಂತೆ ಇಟ್ಟಿದ್ದೆವು. ಅಂದರೆ ಒಂದು ಚಿತ್ರ ಬರೆಯಲು ಕಂಪ್ಯೂಟರಿಗೆ ಸಿಗುವ ಸಮಯ 13.9 ಮಿಲಿಸೆಕೆಂಡ್. ಕೆಲಸವೂ ಸಣ್ಣದಲ್ಲ. ಕನ್ನಡಕದ ಒಂದು ಕಣ್ಣಿಗೆ 1832 ಅಡ್ಡ, 1920 ಉದ್ದ ಚುಕ್ಕಿಗಳು. ಎರಡೂ ಕಣ್ಣು ಸೇರಿ 70 ಲಕ್ಷಕ್ಕೂ ಹೆಚ್ಚು. ಮಾಮೂಲಿ ಫುಲ್ ಎಚ್‌ಡಿ ಪರದೆಯಲ್ಲಿ ಇರುವುದು ಸುಮಾರು 21 ಲಕ್ಷ. ಮೂರು ಪಟ್ಟು ಕೆಲಸ ಕೊಟ್ಟು, ಜೊತೆಗೆ ಎಲ್ಲವೂ ಅಲ್ಟ್ರಾ ಬೇಕು ಅಂದರೆ ಹಳೆಯ ಯಂತ್ರ ಏನು ಮಾಡೀತು?

ಆಟದ 'ಡೆವಲಪರ್ ಮೋಡ್' ತೆರೆದರೆ ಒಂದು ಮೂಲೆಯಲ್ಲಿ ಲೆಕ್ಕ ಕಾಣುತ್ತದೆ: ಸೆಕೆಂಡಿಗೆ ಎಷ್ಟು ಚಿತ್ರ, ಯಾರಿಂದ ತಡ. ನಮ್ಮದು 19 ಚಿತ್ರ. ಪ್ರೊಸೆಸರ್ 38 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿತ್ತು, ಗ್ರಾಫಿಕ್ಸ್ ಕಾರ್ಡ್ 52.

ಇದು ನನಗೆ ಕೂಡಲೇ ಅರ್ಥವಾಯಿತು. ಹಿಂದೆ ಬ್ಯಾಂಕಿನಲ್ಲಿ ಚೆಕ್ ಕೊಟ್ಟರೆ ಟೋಕನ್ ಕೊಡುತ್ತಿದ್ದೆವು. ಒಬ್ಬ ಗುಮಾಸ್ತ ಲೆಡ್ಜರಿನಲ್ಲಿ ಬರೆದ ಮೇಲೆ ಕ್ಯಾಷಿಯರ್ ಹಣ ಎಣಿಸಿ ಕೊಡುವುದು. ಪ್ರೊಸೆಸರ್ ಎಂದರೆ ಲೆಡ್ಜರಿನವನು: ವಿಮಾನ ಎಲ್ಲಿದೆ, ಗಾಳಿ ಎಷ್ಟು, ಯಾವ ಗುಡ್ಡ ಮುಂದಿದೆ ಎಂಬ ಲೆಕ್ಕ ಅವನದು. ಗ್ರಾಫಿಕ್ಸ್ ಕಾರ್ಡ್ ಎಂದರೆ ಕ್ಯಾಷಿಯರ್: ಚಿತ್ರವನ್ನು ಬರೆದು ಕೈಗೆ ಕೊಡುವವನು. ಇಬ್ಬರಲ್ಲಿ ಯಾರು ನಿಧಾನವೋ ಸಾಲು ಅವನ ವೇಗದಲ್ಲೇ ಸಾಗುವುದು. ಇನ್ನೊಬ್ಬನನ್ನು ಎಷ್ಟು ಓಡಿಸಿದರೂ ಪ್ರಯೋಜನವಿಲ್ಲ.

"ಹೊಸ ಕಾರ್ಡ್ ತಗೊಂಡ್ರೆ ಆಯ್ತು ಅಜ್ಜ" ಅಂದ ಹುಡುಗ. "ಇರುವುದು ಪೂರ್ತಿ ಕೆಲಸ ಮಾಡ್ತಾ ಇದ್ಯಾ, ಮೊದಲು ಅದನ್ನು ನೋಡು" ಅಂದೆ.

ಒಂದು ನೋಟ್ ಬುಕ್ಕಿಗೆ ಗೆರೆ ಹಾಕಿದೆ. ಏನು ಬದಲಿಸಿದೆವು, ಮೊದಲು ಎಷ್ಟು, ಆಮೇಲೆ ಎಷ್ಟು. ನನ್ನ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ, ಮತ್ತು ಪ್ರತಿ ಸಲವೂ ಅದೇ ಜಾಗದ ಮೇಲೆ, ಅದೇ ಎತ್ತರದಲ್ಲಿ, ಅದೇ ಹವೆಯಲ್ಲಿ ಹಾರಾಟ. ಮೊಮ್ಮಗ ಅವಸರಕ್ಕೆ ಮೂರು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದ. ವೇಗ ಹೆಚ್ಚಿತು, ಆದರೆ ಯಾವುದರಿಂದ ಹೆಚ್ಚಿತು ಎಂದು ಗೊತ್ತಾಗಲಿಲ್ಲ. ಮೂರನ್ನೂ ಹಿಂದಕ್ಕೆ ಇಡಿಸಿ ಮತ್ತೆ ಶುರು ಮಾಡಿಸಿದೆ. ಸಿಟ್ಟು ಬಂತು ಅವನಿಗೆ, ಆದರೆ ಮಾಡಿದ.

ಪ್ಲಗ್ ಕಿತ್ತು ಕಂಪ್ಯೂಟರಿನ ಪೆಟ್ಟಿಗೆ ತೆರೆದೆವು. ಫ್ಯಾನಿನ ರೆಕ್ಕೆಯಲ್ಲಿ ಕಂಬಳಿಯಂತೆ ಧೂಳು. ಯಂತ್ರ ಕಾದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು, ಒಣ ಪೇಂಟ್ ಬ್ರಷ್‌ನಿಂದ ಮೆಲ್ಲಗೆ ಗುಡಿಸಿದೆವು. ಆಗ ಹುಡುಗ ಒಂದು ಕಂಡುಹಿಡಿದ. ರ‍್ಯಾಮ್‌ನ ಎರಡು ಪಟ್ಟಿಗಳನ್ನು ಜೋಡಿಸಿದವರು ಯಾರೋ ಅಕ್ಕಪಕ್ಕದ ಗೂಡಿಗೇ ಹಾಕಿದ್ದರು. ಈ ಬೋರ್ಡಿನಲ್ಲಿ ಎರಡು ಮತ್ತು ನಾಲ್ಕನೆಯ ಗೂಡಿಗೆ ಹಾಕಿದರೆ ಎರಡು ಬಾಗಿಲಿಂದ ಒಟ್ಟಿಗೆ ಮಾಹಿತಿ ಹೋಗಿ ಬರುತ್ತದೆ. ಇಲ್ಲದಿದ್ದರೆ ಒಂದೇ ಬಾಗಿಲು.

ಬದಲಿಸಿ ಸ್ವಿಚ್ ಹಾಕಿದರೆ ಪರದೆ ಕಪ್ಪು. ಮತ್ತೆ ಹಾಕಿದರೂ ಕಪ್ಪು. ಹುಡುಗನ ಕಣ್ಣಲ್ಲಿ ನೀರು. "ಅಪ್ಪ ಬೈತಾರೆ." ನನಗೂ ಎದೆ ಹೊಡೆದುಕೊಂಡಿತು. ಪ್ಲಗ್ ಕಿತ್ತು, ಕಬ್ಬಿಣದ ಚೌಕಟ್ಟು ಮುಟ್ಟಿ ಮೈಯಲ್ಲಿದ್ದ ಸ್ಥಾಯಿ ವಿದ್ಯುತ್ ಕಳೆದು, ಎರಡೂ ಪಟ್ಟಿಯನ್ನು 'ಟಕ್' ಎನ್ನುವವರೆಗೆ ಒತ್ತಿಸಿದೆ. ಒಂದು ಸರಿಯಾಗಿ ಕೂತಿರಲಿಲ್ಲ ಅಷ್ಟೆ. ಈ ಸಲ ದೀಪ ಹತ್ತಿತು.

ಆಮೇಲೆ ಗೊತ್ತಾಯಿತು, 3200 ವೇಗದ ರ‍್ಯಾಮ್ 2133ರಲ್ಲಿ ಓಡುತ್ತಿತ್ತು. ಬಯೋಸ್ ಎಂಬ ಒಳಮನೆಗೆ ಹೋಗಿ ಎಕ್ಸ್‌ಎಂಪಿ ಎಂಬುದನ್ನು ಆನ್ ಮಾಡಿದರೆ ಮಾತ್ರ ಪೂರ್ಣ ವೇಗ. ಒಂದು ರೂಪಾಯಿ ಖರ್ಚಿಲ್ಲದೆ ಪ್ರೊಸೆಸರಿನ 38 ಮಿಲಿಸೆಕೆಂಡ್ 31ಕ್ಕೆ ಇಳಿಯಿತು. ಗ್ರಾಫಿಕ್ಸ್ ಕಾರ್ಡ್ 50ರಲ್ಲೇ ನಿಂತಿತ್ತು.

ಮುಂದೆ ಕ್ಯಾಷಿಯರನ ಹೊರೆ ಇಳಿಸುವ ಕೆಲಸ. ಮೋಡವನ್ನು ಅಲ್ಟ್ರಾದಿಂದ ಮೀಡಿಯಂಗೆ ತಂದೆವು. ನೆರಳು, ನೀರಿನ ಅಲೆ, ಪ್ರತಿಬಿಂಬ ಕಡಿಮೆ ಮಾಡಿದೆವು. ಡಿಎಲ್‌ಎಸ್‌ಎಸ್ ಎಂಬ ಉಪಾಯವೂ ಇದೆ. ಚಿಕ್ಕದಾಗಿ ಚಿತ್ರ ಬರೆದು ಜಾಣತನದಿಂದ ದೊಡ್ಡದು ಮಾಡುವುದು. ಅದರಿಂದ ಬಹಳ ಉಳಿತಾಯ, ಆದರೆ ವಿಮಾನದ ಮೀಟರಿನ ಅಂಕಿಗಳು ಸ್ವಲ್ಪ ಮಸುಕು. ಅಜ್ಜಿ ಮೀಟರ್ ಓದುವುದಿಲ್ಲವಲ್ಲ ಎಂದು ಒಪ್ಪಿಕೊಂಡೆವು. 50 ಇದ್ದದ್ದು 25ಕ್ಕೆ ಬಂತು.

ಈಗ ಸಾಲು ಲೆಡ್ಜರಿನವನ ಮುಂದೆ ನಿಂತಿತು. 31. ದೂರದ ನೆಲವನ್ನು ಎಷ್ಟು ವಿವರವಾಗಿ ತೋರಿಸಬೇಕು ಎಂಬ ಸೆಟ್ಟಿಂಗನ್ನು 200ರಿಂದ 100ಕ್ಕೆ ಇಳಿಸಿದೆವು. ಆಕಾಶದ ಇತರ ವಿಮಾನಗಳನ್ನೂ ರಸ್ತೆಯ ವಾಹನಗಳನ್ನೂ ತೆಗೆದೆವು. 25 ಆಯಿತು.

"ಆದ್ರೂ 13.9 ಆಗ್ಲಿಲ್ಲ ಅಜ್ಜ" ಅಂದ ನಿರಾಶೆಯಿಂದ. ಅದಕ್ಕೂ ದಾರಿಯಿತ್ತು. ಕಂಪ್ಯೂಟರ್ 72ರ ಅರ್ಧ, ಅಂದರೆ 36 ಚಿತ್ರ ಬರೆದರೆ ಸಾಕು, ನಡುವಿನ ಒಂದೊಂದು ಚಿತ್ರವನ್ನು ಕನ್ನಡಕದ ತಂತ್ರಾಂಶವೇ ಹಿಂದಿನದನ್ನು ನೋಡಿ ಊಹಿಸಿ ತುಂಬುತ್ತದೆ. ಆಗ ಸಿಗುವ ಸಮಯ 27.8 ಮಿಲಿಸೆಕೆಂಡ್. ನಮ್ಮ ಇಬ್ಬರೂ 25ರಲ್ಲಿದ್ದರು. ಪ್ರೊಪೆಲ್ಲರ್ ಹತ್ತಿರ ಚಿತ್ರ ಸ್ವಲ್ಪ ಅಲುಗಿದಂತೆ ಕಾಣುತ್ತದೆ, ಉಳಿದದ್ದು ನಯ. ಒಮ್ಮೆ 50, ಒಮ್ಮೆ 25 ಎಂದು ಏರಿಳಿಯುವುದಕ್ಕಿಂತ ತಪ್ಪದೆ ಬರುವ 36 ಹೊಟ್ಟೆಗೆ ಹಿತ.

ಇನ್ನೊಂದು ತೊಂದರೆ ನಮ್ಮ ಮಲೆನಾಡಿನದೇ. ನೆಲದ ಚಿತ್ರಗಳು ಇಂಟರ್ನೆಟ್‌ನಿಂದ ಬರಬೇಕು. ಮೇ ತಿಂಗಳ ಗುಡುಗು ಮಳೆಗೆ ಮರದ ಕೊಂಬೆ ಬಿದ್ದರೆ ಕೇಬಲ್ ತುಂಡು. ಗುಡುಗು ಶುರುವಾದರೆ ಕಂಪ್ಯೂಟರಿನ ಪ್ಲಗ್ಗನ್ನೂ ಕಿತ್ತಿಡಬೇಕು. ಅದಕ್ಕೇ ಹಿಂದಿನ ರಾತ್ರಿಯೇ ಶರಾವತಿ ಹಿನ್ನೀರಿನ ಭಾಗವನ್ನಷ್ಟು ಇಳಿಸಿಕೊಂಡು ಡಿಸ್ಕಿನಲ್ಲಿ ಇಟ್ಟೆವು.

ಕೊನೆಗೆ ನಾನು ಹಾಕಿಕೊಂಡು ನೋಡಿದೆ. ನಯವಾಗಿತ್ತು, ಆದರೂ ಕಣ್ಣು ಎಳೆದಂತಾಯಿತು. ಎರಡು ಕಣ್ಣುಗುಡ್ಡೆಗಳ ನಡುವಿನ ಅಂತರಕ್ಕೆ ತಕ್ಕಂತೆ ಈ ಕನ್ನಡಕದ ಗಾಜನ್ನು 58, 63, 68 ಮಿಲಿಮೀಟರಿಗೆ ಸರಿಸಬಹುದು. ನಮ್ಮದು 68ರಲ್ಲೇ ಇತ್ತು! ಮೊಮ್ಮಗ ಶಾಲೆಯ ಸ್ಕೇಲ್ ಹಿಡಿದು ಅಜ್ಜಿಯ ಕಣ್ಣು ಅಳೆಯಲು ಹೋದ. "ಎಂತಕ್ಕೆ ಮಾರಾಯ?" ಅಂದಳು. "ಹೊಸ ಕನ್ನಡಕಕ್ಕೆ ಅಜ್ಜೀ" ಅಂದ. ಸುಳ್ಳೂ ಅಲ್ಲ. 59 ಬಂತು, ಗಾಜನ್ನು 58ಕ್ಕೆ ಸರಿಸಿದ.

ಅವಳನ್ನು ಮತ್ತೆ ಒಪ್ಪಿಸಲು ಎರಡು ದಿನ ಹಿಡಿಯಿತು. "ಐದೇ ನಿಮಿಷ, ಸಾಕು ಅಂದ ಕೂಡಲೇ ತೆಗೀತೇನೆ" ಎಂದು ಮೊಮ್ಮಗ ಮಾತು ಕೊಟ್ಟ. ಬೆಳಿಗ್ಗೆ, ಖಾಲಿಯೂ ಅಲ್ಲದ ತುಂಬಿಯೂ ಇರದ ಹೊಟ್ಟೆಯಲ್ಲಿ, ಅಲುಗದ ಕುರ್ಚಿಯಲ್ಲಿ ಕೂರಿಸಿ, ಟೇಬಲ್ ಫ್ಯಾನ್ ಗಾಳಿ ಮುಖಕ್ಕೆ ಬೀಳುವಂತೆ ಇಟ್ಟೆವು. ನಾನು ಅವಳ ಕೈಗೆ ಜಾಯ್‌ಸ್ಟಿಕ್ ಕೊಟ್ಟೆ. ಘಾಟಿಯಲ್ಲಿ ಎಲ್ಲರಿಗೂ ವಾಂತಿ ಬಂದರೂ ಬಸ್ಸಿನ ಡ್ರೈವರಿಗೆ ಬರುವುದಿಲ್ಲ, ಯಾಕೆಂದರೆ ಮುಂದಿನ ತಿರುವು ಅವನಿಗೆ ಮೊದಲೇ ಗೊತ್ತು.

ವಿಮಾನವನ್ನು ಹಿನ್ನೀರಿನ ಮೇಲೆ, ಗಾಳಿಯಲ್ಲೇ ಇಟ್ಟು ಶುರು ಮಾಡಿದ್ದೆವು. ಅವಳು ಮೊದಲು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಎಷ್ಟೊಂದು ನಡುಗಡ್ಡೆ!" ಅಂದಳು. ಸ್ವಲ್ಪ ಹೊತ್ತಿಗೆ, "ಇವೆಲ್ಲ ಗುಡ್ಡದ ತಲೆ ಕಣೋ. ನಾವು ದನ ಮೇಯಿಸ್ತಾ ಇದ್ದ ಗುಡ್ಡಗಳು."

ಕೆಳಗೆ ಇಳಿಸು ಅಂದಳು. ಇಳಿಸಿದೆವು. ಹತ್ತಿರ ಹೋದರೆ ಅಲ್ಲಿ ಕಂಪ್ಯೂಟರ್ ತಾನೇ ನೆಟ್ಟ ಎಂಥದೋ ಮರಗಳು. "ಇದೆಂತ ಮರ? ನಮ್ಮಲ್ಲಿ ಇಂಥದ್ದು ಇರಲಿಲ್ಲ" ಎಂದು ನಕ್ಕಳು. ಮನೆ ಕಾಣಲಿಲ್ಲ, ಕಾಣುವಂತೆಯೂ ಇರಲಿಲ್ಲ. ನೀರು ಅಷ್ಟೆ. ಆದರೆ ಒಂದು ಕಡೆ ವಿಮಾನವನ್ನು ತಾನೇ ತಿರುಗಿಸಿ, ಬೆರಳು ತೋರಿಸಿದಳು. ಅವಳು ತೋರಿಸಿದ್ದು ನಮ್ಮ ಗೋಡೆಯ ಕಡೆಗೆ. "ಇಲ್ಲೇ ಎಲ್ಲೋ. ಲಾರಿಯಲ್ಲಿ ಜಾಗ ಇಲ್ಲ ಅಂತ ಕರುವನ್ನು ಪಕ್ಕದ ಊರಿನವರಿಗೆ ಕೊಟ್ಟರು ಅಪ್ಪಯ್ಯ. ಅದು ಲಾರಿಯ ಹಿಂದೆ ಓಡಿ ಬಂತು."

ನಮಗೆ ಮದುವೆಯಾಗಿ ಐವತ್ತು ವರ್ಷವಾಗುತ್ತ ಬಂತು. ಆ ಕರುವಿನ ಸುದ್ದಿ ನಾನು ಕೇಳಿದ್ದು ಅದೇ ಮೊದಲು.

ಐದು ನಿಮಿಷ ಹನ್ನೊಂದಾಯಿತು. ನಾನೇ ಸಾಕೆಂದು ತೆಗೆಸಿದೆ. ಮಕ್ಕಳೇ, ಚೆನ್ನಾಗಿದ್ದರೂ ಮೊದಮೊದಲು ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಹತ್ತು ವರ್ಷಕ್ಕಿಂತ ಚಿಕ್ಕವರಿಗೆ ಈ ಕನ್ನಡಕ ಕೊಡಬಾರದೆಂದು ತಯಾರಿಸಿದವರೇ ಹೇಳುತ್ತಾರೆ.

ನಿಂಬೆಹಣ್ಣು ಪಕ್ಕದಲ್ಲೇ ಇತ್ತು, ಬೇಕಾಗಲಿಲ್ಲ. ಅವಳು ಅದನ್ನು ಒಳಗೆ ಒಯ್ದು ಪಾನಕ ಮಾಡಿದಳು. ಮೊಮ್ಮಗ ಕಂಪ್ಯೂಟರನ್ನು ಬಿಟ್ಟು ಅವಳ ಹಿಂದೆಯೇ ಅಡುಗೆಮನೆಗೆ ಹೋದ. "ಆಮೇಲೆ ಆ ಕರು ಎಂತಾಯ್ತು ಅಜ್ಜೀ?" ಎಂದು ಕೇಳುತ್ತಿದ್ದುದು ಜಗಲಿಗೆ ಕೇಳಿಸುತ್ತಿತ್ತು. ನಾನು ನೋಟ್ ಬುಕ್ ತೆಗೆದು ಆ ದಿನದ ಲೆಕ್ಕ ಬರೆದೆ: 36 ಚಿತ್ರ, 11 ನಿಮಿಷ, ತೊಂದರೆ ಇಲ್ಲ.