ಹರ್ಬ್ ಕೆಂಟ್ ಹೋದ ಶನಿವಾರ

ಇದು 2016ರ ಅಕ್ಟೋಬರ್ ತಿಂಗಳ ಮಾತು. ನಾನಾಗ ಷಿಕಾಗೋದ ಸೌತ್ ಸೈಡ್‌ನಲ್ಲಿದ್ದೆ. ಬಹುಪಾಲು ಕಪ್ಪು ಜನರೇ ಇರುವ ಬಡಾವಣೆಗಳು ಅವು. ನಾನು ಕ್ಷೌರಕ್ಕೆ ಹೋಗುತ್ತಿದ್ದ ಅಂಗಡಿಯಲ್ಲಿ ಶನಿವಾರ ಬೆಳಗ್ಗೆ ರೇಡಿಯೊದ ಮುಳ್ಳನ್ನು ಯಾರೂ ಮುಟ್ಟುವಂತಿರಲಿಲ್ಲ. ಅದು ವಿ103 ಕೇಂದ್ರದಲ್ಲೇ ನಿಂತಿರಬೇಕು. ಆ ಹೊತ್ತು ಹರ್ಬ್ ಕೆಂಟ್ ಅವರದ್ದು.

ಊರಿಗೆಲ್ಲ ಅವರು ‘ಕೂಲ್ ಜೆಂಟ್’. ಗಡಸಿಲ್ಲದ ತುಂಬು ದನಿ, ಅವಸರವೇ ಇಲ್ಲದ ಮಾತು. ನಾನು ಆಕಾಶವಾಣಿ ಕೇಳಿ ಬೆಳೆದವನು. ಚಿತ್ರದ ಹೆಸರು, ಗಾಯಕರ ಹೆಸರು ಹೇಳಿ ಮರ್ಯಾದೆಯಿಂದ ಪಕ್ಕಕ್ಕೆ ಸರಿಯುವ ನಿರೂಪಕರೇ ನನಗೆ ಗೊತ್ತಿದ್ದದ್ದು. ಇವರು ಹಾಡಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

ಅವರು ಹುಟ್ಟಿದ್ದು 1928ರಲ್ಲಿ, ಅದೇ ಊರಿನಲ್ಲಿ. 1944ರಲ್ಲಿ, ಇನ್ನೂ ಹೈಸ್ಕೂಲಿನಲ್ಲಿರುವಾಗಲೇ ರೇಡಿಯೊ ಹಿಡಿದರು. ಆಗ ಹಾಕುತ್ತಿದ್ದದ್ದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ! ಸೋಲ್ ಸಂಗೀತದ ಜೊತೆ ಅವರ ಹೆಸರು ಅಂಟಿಕೊಂಡದ್ದು 1963ರ ನಂತರ. ಆ ವರ್ಷ ಹಾಡಿನ ತಟ್ಟೆಗಳನ್ನು ಹೊರತರುತ್ತಿದ್ದ ಚೆಸ್ ರೆಕಾರ್ಡ್ಸ್‌ನ ಲಿಯೊನಾರ್ಡ್ ಮತ್ತು ಫಿಲ್ ಚೆಸ್ ಸೋದರರು ಒಂದು ಸಣ್ಣ ಕೇಂದ್ರ ಕೊಂಡು ಅದಕ್ಕೆ ಡಬ್ಲ್ಯೂವಿಒಎನ್ ಎಂದು ಹೆಸರಿಟ್ಟರು. ಕಪ್ಪು ಜನರ ದನಿ ಎಂಬ ಅರ್ಥದ ಹೆಸರದು. ಊರಿನ ದೊಡ್ಡ ಕೇಂದ್ರಗಳು 50,000 ವಾಟ್‌ನಲ್ಲಿ ಮೊರೆಯುತ್ತಿದ್ದರೆ ಇದರ ಶಕ್ತಿ ಬರೀ 1,000 ವಾಟ್. ಆದರೂ ಸೌತ್ ಸೈಡ್ ತಲುಪಲು ಅಷ್ಟು ಸಾಕಿತ್ತು. ಚರ್ಚಿನಲ್ಲಿ ಪಳಗಿದ ಕೊರಳುಗಳು ಪ್ರೀತಿ, ವಿರಹ, ಸ್ವಾಭಿಮಾನ ಹಾಡತೊಡಗಿದ್ದ ಕಾಲ ಅದು. ಹರ್ಬ್ ಅಲ್ಲಿ ಆ ಹೊಸ ತಟ್ಟೆಗಳನ್ನು ಹಾಕಿದರು, ನಡುನಡುವೆ ಹಳೆಯವನ್ನೂ ತಂದರು. ಹಳೆಯವಕ್ಕೆ ‘ಡಸ್ಟೀಸ್’ ಎಂದರು. ಊರೂ ಹಾಗೇ ಕರೆಯಿತು. ದಕ್ಷಿಣದ ರಾಜ್ಯಗಳಿಂದ ಗಂಟುಮೂಟೆ ಕಟ್ಟಿಕೊಂಡು ಬಂದು, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆದ ಜನಕ್ಕೆ, ನಿಮ್ಮ ಹಿಂದಿನ ದಿನಗಳೂ ಕಾಪಾಡಿಡುವಂಥವೇ ಎಂದು ಹೀಗೆ ತೋರಿಸಿಕೊಟ್ಟವರು ಇವರು. ಇದು ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ.

ಕುಡಿತ, ಮಾದಕ ವಸ್ತುಗಳ ಹಿಡಿತಕ್ಕೂ ಸಿಕ್ಕಿ ಹೊರಬಂದವರು. 2009ರ ಆತ್ಮಕಥೆಯಲ್ಲಿ ಅದನ್ನು ಮುಚ್ಚಿಟ್ಟಿಲ್ಲ.

ಆ ಶನಿವಾರ, 22ನೇ ತಾರೀಕು, ನಾನು ಅಂಗಡಿಯ ಕುರ್ಚಿಯಲ್ಲಿದ್ದೆ. ಕತ್ತಿನ ಹಿಂದೆ ಮಿಷನ್ನು ಗುಂಯ್‌ಗುಡುತ್ತಿತ್ತು, ರೇಡಿಯೊದಲ್ಲಿ ಹರ್ಬ್. ಎಂಬತ್ತೆಂಟು ತುಂಬಿ ಮೂರು ವಾರವೂ ಆಗಿರಲಿಲ್ಲ. ಆ ರಾತ್ರಿ ರಿಗ್ಲಿ ಫೀಲ್ಡ್‌ನಲ್ಲಿ ಊರಿನ ಬೇಸ್‌ಬಾಲ್ ತಂಡ ಕಬ್ಸ್ ಗೆದ್ದು, 1945ರ ನಂತರ ಮೊದಲ ಸಲ ಅಂತಿಮ ಹಣಾಹಣಿಯಾದ ವರ್ಲ್ಡ್ ಸೀರೀಸ್‌ಗೆ ಹೋಯಿತು. ಊರ ತುಂಬ ಕಾರಿನ ಹಾರ್ನು, ಕೇಕೆ. ಆ ಗದ್ದಲದಲ್ಲಿ ನನಗೆ ಸುದ್ದಿಯೇ ಮುಟ್ಟಲಿಲ್ಲ. ಬೆಳಗ್ಗೆ ಕಾರ್ಯಕ್ರಮ ನಡೆಸಿದ್ದ ಹರ್ಬ್ ಕೆಂಟ್ ಅದೇ ದಿನ ತೀರಿಕೊಂಡಿದ್ದರು. ಮರುದಿನ ತಿಳಿದಾಗ ಲೆಕ್ಕ ಹಾಕಿದೆ: ಕಬ್ಸ್ ಹಿಂದಿನ ಸಲ ಅಷ್ಟು ದೂರ ಹೋದಾಗಲೂ ಈ ಮನುಷ್ಯ ರೇಡಿಯೊದಲ್ಲಿದ್ದ!

ಕೆಲವು ದಿನ ಬಿಟ್ಟು, ಕತ್ತರಿಸಲು ಕೂದಲಿಲ್ಲದಿದ್ದರೂ ಅಂಗಡಿಗೆ ಹೋದೆ. ಬೆಂಚು ತುಂಬಿತ್ತು. ಕ್ಷೌರ ಮಾಡಿಸಿಕೊಳ್ಳುವವರಿಗಿಂತ ಸುಮ್ಮನೆ ಬಂದು ಕೂತವರೇ ಹೆಚ್ಚು. ಹರ್ಬ್ ಕಟ್ಟಿದ ‘ವಾಹೂ ಮ್ಯಾನ್’ ಎಂಬ ವಿಚಿತ್ರ ಪಾತ್ರವನ್ನು ಒಬ್ಬ ಅಜ್ಜ ಎದ್ದು ನಿಂತು ಅಭಿನಯಿಸಿದರು. ಅಂಗಡಿಯ ಯಜಮಾನರು ಬಾಚಣಿಗೆ ಒರೆಸುತ್ತ ನನ್ನ ಕಡೆ ತಿರುಗಿದರು.

“ನೋಡಪ್ಪಾ, ಹರ್ಬ್ ಆಗ ಹುಡುಗ ಹುಡುಗಿಯರಿಗೆ ಡ್ಯಾನ್ಸ್ ಪಾರ್ಟಿ ನಡೆಸ್ತಿದ್ರು. ನನ್ನ ಹೆಂಡತಿಯನ್ನ ಮೊದಲು ಕಂಡಿದ್ದು ಅಲ್ಲೇ. ಮೂರು ಹಾಡು ಗೋಡೆಗೆ ಒರಗಿಕೊಂಡೇ ಕಳೆದೆ. ನಾಲ್ಕನೆಯದಕ್ಕೆ ಅವರು ನಿಧಾನದ ಹಾಡು ಹಾಕಿದ್ರು. ಹಾಕದಿದ್ರೆ ಅವಳನ್ನ ಕರೆಯೋ ಧೈರ್ಯ ನನಗೆಲ್ಲಿತ್ತು?”

“ಅದು ಯಾವ ಹಾಡು?” ಎಂದೆ.

“ಇಂಪ್ರೆಷನ್ಸ್‌ದು,” ಅಂದರು. ಅಷ್ಟು ಸಾಕಾಯಿತು. ಜೆರ್ರಿ ಬಟ್ಲರ್ ಇದ್ದಾಗಿನ ಇಂಪ್ರೆಷನ್ಸ್ ಗಾಯನ ತಂಡ ಮೇಲೋ, ಕರ್ಟಿಸ್ ಮೇಫೀಲ್ಡ್ ಮುಂದೆ ನಿಂತು ಹಾಡಿದ್ದು ಮೇಲೋ ಎಂದು ಬೆಂಚು ಎರಡು ಪಾಲಾಯಿತು. ಅಜ್ಜ ಬಟ್ಲರ್ ಕಡೆ, ಯಜಮಾನರು ಮೇಫೀಲ್ಡ್ ಕಡೆ. ಹರ್ಬ್ ಯಾವುದನ್ನು ಹೆಚ್ಚು ಸಲ ಹಾಕಿದರು ಎಂಬುದೇ ಇಬ್ಬರಿಗೂ ಸಾಕ್ಷಿ. ಕುರ್ಚಿಯಲ್ಲಿ ಅರ್ಧ ಗಡ್ಡ ತೆಗೆಸಿಕೊಂಡು ಕೂತಿದ್ದವರು ನೊರೆಯ ಮುಖದಲ್ಲೇ ತಿರುಗಿ, ಬಟ್ಲರ್ ಪರ ವಾದಕ್ಕಿಳಿದರು.