ಹಗಲು ಹನ್ನೊಂದರ ಬಡಾವಣೆ

ತಾಳವಾಡಿ ಬೆಟ್ಟಸೀಮೆಯ ಹೊಲಮನೆಗಳಲ್ಲಿ ನಾಯಿಗೂ ಒಂದು ಉದ್ಯೋಗವಿದೆ. ರಾಗಿಯ ತೆನೆ ಬಲಿಯುವ ಕಾಲಕ್ಕೆ ಆನೆಯೂ ಹಂದಿಯೂ ಕಾಡಂಚಿನ ಹೊಲಗಳಿಗೆ ಇಳಿಯುತ್ತವೆ. ಅಟ್ಟಣೆಯ ಮೇಲೆ ಕಾವಲು ಕುಳಿತವನಿಗಿಂತ ಮೊದಲೇ, ಕೆಳಗೆ ಮುದುಡಿ ಮಲಗಿದ ನಾಯಿಗೆ ಅವುಗಳ ಸುಳಿವು ಹತ್ತುತ್ತದೆ. ಚಿರತೆ ಬಂದರೆ ಮೊದಲು ಅದರ ಬಾಯಿಗೆ ಬೀಳುವುದೂ ಆ ನಾಯಿಯೇ.

ಅಂಥದೊಂದು ಮನೆಯ ತರುಣಿಗೆ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಕೆಲಸ ದೊರೆಯಿತು. ತಂದೆ ತೀರಿಕೊಂಡು ವರ್ಷ ಕಳೆದಿತ್ತು. ತಾಯಿ ಹೊಲವನ್ನು ಗುತ್ತಿಗೆಗೆ ಕೊಟ್ಟು ಚಾಮರಾಜನಗರದಲ್ಲಿದ್ದ ಹಿರಿಯ ಮಗಳ ಮನೆ ಸೇರಲು ಸಿದ್ಧರಾಗಿದ್ದರು. ಉಳಿದದ್ದು ಕಾಳಿ, ತಂದೆಯೊಡನೆ ಆರು ಸುಗ್ಗಿ ಹೊಲ ಕಾದ ಕಪ್ಪು ನಾಡುನಾಯಿ. ಗುತ್ತಿಗೆ ಹಿಡಿದವರು, “ಇಲ್ಲೇ ಇರಲಿ, ಕಟ್ಟಿಹಾಕಿಕೊಳ್ಳುತ್ತೇವೆ” ಎಂದರು. ಕಾಡಂಚಿನಲ್ಲಿ ಕಟ್ಟಿಹಾಕಿದ ನಾಯಿ ಚಿರತೆಗೆ ಬಡಿಸಿಟ್ಟ ಎಲೆ ಎಂಬುದನ್ನು ಆ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಾಯಿಯನ್ನೂ ಕರೆದೊಯ್ಯುವುದೆಂದು ಆಕೆ ನಿಶ್ಚಯಿಸಿದಳು.

ಅದಕ್ಕೆ ಆ ಹೆಸರಿಟ್ಟವಳೂ ಆಕೆಯೇ. ಪದವಿ ತರಗತಿಯಲ್ಲಿ ಆತಕೂರಿನ ಶಾಸನದ ಪಾಠವಾದ ವರ್ಷ ಮರಿ ಮನೆಗೆ ಬಂದಿತ್ತು. ಮದ್ದೂರು ತಾಲ್ಲೂಕಿನ ಆ 10ನೆಯ ಶತಮಾನದ ಕಲ್ಲು ಒಂದು ನಾಯಿಯ ಸ್ಮಾರಕವೂ ಹೌದು. ತಕ್ಕೋಲದ ಯುದ್ಧದಲ್ಲಿ ಮಣಲೆರನ ಪರಾಕ್ರಮಕ್ಕೆ ಮೆಚ್ಚಿದ ರಾಷ್ಟ್ರಕೂಟ ಮೂರನೆಯ ಕೃಷ್ಣ ‘ಬೇಡು’ ಎಂದಾಗ, ಆತ ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಕಾಡುಹಂದಿಯೊಡನೆ ಕಾದಾಡಿ ಸತ್ತಿತು, ಹಂದಿಯೂ ಸತ್ತಿತು. ತಕ್ಕೋಲವಿರುವುದು ಇಂದಿನ ತಮಿಳುನಾಡಿನಲ್ಲಿ, ಆತಕೂರು ಕರ್ನಾಟಕದಲ್ಲಿ. ತಾಳವಾಡಿಯವರಿಗೆ ಈ ಗಡಿ ದಾಟುವ ಮಾತು ಹೊಸದಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ಮನೆಮಾತು ಕನ್ನಡವಾಗಿದ್ದೂ ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಜಿಲ್ಲೆಯ ಕೆಲಸಕ್ಕೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಈರೋಡಿಗೆ ಹೋಗಬೇಕು. ಸಂತೆಗೂ ನೆಂಟಸ್ತಿಕೆಗೂ ಚಾಮರಾಜನಗರವೇ ಹತ್ತಿರ.

ಬೆಂಗಳೂರಿನಲ್ಲಿ ಮನೆ ಹುಡುಕುವಾಗ ಆಕೆ ಎಲ್ಲರೂ ಮಾಡುವುದನ್ನೇ ಮಾಡಿದಳು: ಕಚೇರಿಯನ್ನು ನಡುವೆ ಇಟ್ಟು ಸುತ್ತ ವೃತ್ತ ಎಳೆದಳು. ಮುಂಗಡ ಎಷ್ಟು, ಬಾಡಿಗೆ ಎಷ್ಟು, ನಡಿಗೆ ಎಷ್ಟು ನಿಮಿಷ ಎಂಬ ಲೆಕ್ಕ ಮೊದಲು. ‘ನಾಯಿ ಇದ್ದರೆ ಆಗುವುದಿಲ್ಲ’ ಎಂದ ಮನೆಗಳನ್ನು ಹೊಡೆದುಹಾಕುವ ಕೆಲಸ ಆಮೇಲೆ. ಉಳಿದದ್ದರಲ್ಲಿ ಒಂದು ವಸತಿ ಸಮುಚ್ಚಯದ ನಾಲ್ಕನೆಯ ಮಹಡಿಯ ಮನೆ. ಕಚೇರಿಗೆ 15 ನಿಮಿಷದ ದಾರಿ. ಒಂದು ಭಾನುವಾರ ಹೋಗಿ ನೋಡಿದಾಗ ಅಂಗಳದ ತುಂಬ ಮಕ್ಕಳು, ಸರಪಳಿ ಹಿಡಿದು ಅಡ್ಡಾಡುವ ಜನ, ಬಗೆಬಗೆಯ ನಾಯಿಗಳು. ಇದಕ್ಕಿಂತ ಒಳ್ಳೆಯ ಜಾಗ ಯಾವುದು ಎಂದುಕೊಂಡು ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿದಳು. ಎಲೆಕೋಸಿನ ಮೂಟೆಗಳ ನಡುವೆ ಕಾಳಿಯನ್ನು ಕೂರಿಸಿಕೊಂಡು ತರಕಾರಿ ವ್ಯಾನಿನಲ್ಲಿ ಬಂದಿಳಿದಳು.

ಮೂರನೆಯ ವಾರಕ್ಕೆ ನಿವಾಸಿಗಳ ಸಂಘದಿಂದ ಪತ್ರ ಬಂತು: ನಾಯಿಯ ಗದ್ದಲ ಸಹಿಸಲಾಗುತ್ತಿಲ್ಲ. ಆಕೆ ಸಿದ್ಧಳಾಗಿಯೇ ಹೋದಳು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಯಾವ ಸಂಘವೂ ಬಹುಮತದಿಂದ ಕೂಡ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ. ಬೊಗಳುತ್ತದೆ ಎಂಬುದು ಹೊರಹಾಕಲು ಸಾಕಾದ ಕಾರಣವೂ ಅಲ್ಲ. ಅದನ್ನು ಓದಿ ಹೇಳಿದಳು. ಸಂಘದವರು ಸುಮ್ಮನಾದರು. ಆಗ ಪಕ್ಕದ ಮನೆಯಾಕೆ ಏನೂ ಮಾತನಾಡದೆ ತನ್ನ ಫೋನಿನಲ್ಲಿ ಹಿಡಿದಿಟ್ಟಿದ್ದ ಧ್ವನಿಯನ್ನು ಕೇಳಿಸಿದಳು. ಹಗಲು ಹನ್ನೊಂದು ಗಂಟೆಯ ಧ್ವನಿ. ಅದು ಬೊಗಳಿಕೆಯಾಗಿರಲಿಲ್ಲ. ತಂದೆ ತೀರಿಕೊಂಡ ರಾತ್ರಿ ಹೊಲದ ಕಡೆಗೆ ಮುಖ ಮಾಡಿ ಕಾಳಿ ಇಟ್ಟ ಊಳು ಅದು. ಕಾನೂನು ಆಕೆಯ ಪರವಾಗಿತ್ತು, ನಾಯಿ ಇರಲಿಲ್ಲ.

ಆ ರಾತ್ರಿ ಆಕೆ ಲೆಕ್ಕವನ್ನು ಹೊಸದಾಗಿ ಹಾಕಿದಳು. ತಾನು ಆ ಬಡಾವಣೆಯಲ್ಲಿ ಎಚ್ಚರವಾಗಿರುವುದು ದಿನಕ್ಕೆ ನಾಲ್ಕೈದು ಗಂಟೆ. ಉಳಿದ ಹಗಲೆಲ್ಲ ಅಲ್ಲಿ ಬದುಕುವುದು ಕಾಳಿ. ಹಾಗಾದರೆ ಬಡಾವಣೆ ಯಾರಿಗೆ ಹತ್ತಿರವಿರಬೇಕು? ಭಾನುವಾರ ಸಂಜೆ ಎಲ್ಲ ಬಡಾವಣೆಗಳೂ ಚೆನ್ನಾಗಿಯೇ ಕಾಣುತ್ತವೆ. ನೋಡಬೇಕಾದದ್ದು ಕೆಲಸದ ದಿನದ ಹಗಲು ಹನ್ನೊಂದಕ್ಕೆ. ಆಗ ಯಾವ ಬಾಗಿಲು ತೆರೆದಿರುತ್ತದೆ, ಯಾರ ಧ್ವನಿ ಕೇಳುತ್ತದೆ, ಕಸದ ರಾಶಿಯ ಬಳಿ ಬೀದಿನಾಯಿಗಳ ಗುಂಪು ಎಷ್ಟು ದೊಡ್ಡದು, ನೆಲದ ಮೇಲೆ ನೆರಳು ಎಲ್ಲಿದೆ?

ರಜೆ ಹಾಕಿ ಆಕೆ ಆರು ದಿನ ಅದೇ ಹೊತ್ತಿಗೆ ಊರು ಸುತ್ತಿದಳು. ಬಸವನಗುಡಿಯಲ್ಲಿ ಜಗಲಿಯೂ ಮರವೂ ಇದ್ದವು, ಬಾಡಿಗೆ ಎಟುಕಲಿಲ್ಲ. ಕೆಂಗೇರಿಯಲ್ಲಿ ಸಿಕ್ಕ ನೆಲಮಹಡಿಯ ಮನೆಯೆದುರು ಲಾರಿಗಳ ಓಡಾಟ. ಕೊನೆಗೆ ಕನಕಪುರ ರಸ್ತೆಯ ವಾಜರಹಳ್ಳಿಯ ಒಳಗೇರಿಯಲ್ಲಿ ಒಂದು ಹಳೆಯ ಮನೆಯ ಹಿಂಭಾಗ ದೊರೆಯಿತು. ಮುಂಭಾಗದಲ್ಲಿ ಮನೆಯೊಡತಿ, ಎಪ್ಪತ್ತು ದಾಟಿದ ಒಂಟಿ ಹೆಂಗಸು, ಧರ್ಮಪುರಿಯ ಕಡೆಯ ತಮಿಳರು. ಹನ್ನೊಂದು ಗಂಟೆಗೆ ಮೆಟ್ಟಿಲ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿದ್ದರು. ನಾಯಿಯ ಮಾತೆತ್ತಿದಾಗ ಜಾತಿ ಯಾವುದು ಎಂದು ಕೇಳಲಿಲ್ಲ. ರಾತ್ರಿ ಎಚ್ಚರವಿರುತ್ತದೆಯೇ ಎಂದು ಕೇಳಿದರು. ತುರಹಳ್ಳಿ ಕಾಡು ಹತ್ತಿರ, ಆಗಾಗ ಚಿರತೆ ಕಾಣಿಸಿಕೊಳ್ಳುವುದುಂಟು ಎಂದೂ ಹೇಳಿದರು. ಆಕೆಗೆ ನಗು ಬಂತು, ಭಯವೂ ಆಯಿತು. ರಾತ್ರಿ ನಾಯಿ ಮನೆಯೊಳಗೇ ಇರಬೇಕು, ಕಿಟಕಿಯ ಬಳಿ, ಎಂದು ಇಬ್ಬರೂ ಒಪ್ಪಿದರು.

ಇದಕ್ಕೆ ಆಕೆ ತೆತ್ತ ಬೆಲೆ ಸಣ್ಣದಲ್ಲ. ಕರಾರು ಮುರಿದದ್ದಕ್ಕೆ ಮುಂಗಡದಲ್ಲಿ ಒಂದು ಪಾಲು ಹೋಯಿತು. ಹಸಿರು ಮಾರ್ಗದ ಮೆಟ್ರೊದಲ್ಲಿ ಮೆಜೆಸ್ಟಿಕ್, ಅಲ್ಲಿಂದ ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್. ಹೋಗಿಬರಲು ಈಗ ದಿನಕ್ಕೆ ಮೂರು ಗಂಟೆಗೂ ಮೇಲೆ. ಒಂದು ನಾಯಿಗೋಸ್ಕರ ಇಷ್ಟೇ ಎಂದು ಗೆಳತಿಯರು ಕೇಳುತ್ತಾರೆ. ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬಾರೆನೆಂದ ಧರ್ಮರಾಯನ ಕಥೆಯನ್ನು ಹೇಳಿ ಅವರ ಬಾಯಿ ಮುಚ್ಚಿಸಬಹುದಿತ್ತು, ಆಕೆ ಹೇಳುವುದಿಲ್ಲ. ತಾನು ಹೊರಟದ್ದು ಸ್ವರ್ಗಕ್ಕಲ್ಲ, ಸಂಬಳಕ್ಕೆ ಎಂಬುದು ಆಕೆಗೆ ಗೊತ್ತು. ತಂದೆಯ ಆರು ಸುಗ್ಗಿಗಳ ಕಾವಲಿನ ಲೆಕ್ಕದಲ್ಲಿ ಮೂರು ಗಂಟೆ ಹೆಚ್ಚೇನಲ್ಲ ಎಂದಷ್ಟೇ ಅಂದುಕೊಳ್ಳುತ್ತಾಳೆ.

ಮನೆಯೊಡತಿ ಕಾಳಿಯನ್ನು ‘ವಾ’ ಎಂದು ಕರೆಯುತ್ತಾರೆ. ತಮಿಳಿನ ಪದಾದಿಯ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುತ್ತದೆ ಎಂಬುದನ್ನು ವೇರ್–ಬೇರು, ವಿಲ್–ಬಿಲ್ಲುಗಳ ಉದಾಹರಣೆಯೊಡನೆ ತರಗತಿಯಲ್ಲಿ ಕಲಿಸುತ್ತಾರೆ. ಕಾಳಿಗೆ ಆ ಪಾಠ ಬೇಕಾಗಲಿಲ್ಲ. ತಾಳವಾಡಿಯ ನಾಯಿ, ‘ಬಾ’ ಎಂದರೂ ‘ವಾ’ ಎಂದರೂ ಏಳುತ್ತದೆ.

ಅದಕ್ಕೆ ಈ ಊರು ಒಗ್ಗಿತೆಂದು ಇನ್ನೂ ಹೇಳಲಾಗದು. ಹಗಲೆಲ್ಲ ಮೆಟ್ಟಿಲ ಬಳಿ ನಿದ್ರಿಸುತ್ತದೆ, ಊಳಿಡುವುದಿಲ್ಲ. ರಾತ್ರಿಯಾದರೆ ಕಿಟಕಿಯ ಮುಂದೆ ಕೂರುತ್ತದೆ. ಮನೆಯ ಮುಂದಿನ ಕನಕಪುರ ರಸ್ತೆಯೇ ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರಗಳನ್ನು ಹಾದು ಹಾಸನೂರಿನ ಕಾಡಿನೊಳಗೆ ಹೋಗುತ್ತದೆ ಎಂಬುದು ಆಕೆಗೆ ಗೊತ್ತು, ನಾಯಿಗೆ ಗೊತ್ತಿರಲಾರದು. ನಡುರಾತ್ರಿ ಒಮ್ಮೊಮ್ಮೆ ಅದು ಕಿವಿ ನಿಮಿರಿಸಿ ಎರಡು ಸಲ ಬೊಗಳುತ್ತದೆ. ಮುಂದಿನ ಮನೆಯಲ್ಲಿ ದೀಪ ಹತ್ತುತ್ತದೆ, ಮುದುಕಿ ಕೆಮ್ಮಿ ಬಾಗಿಲ ಅಗುಳಿಯನ್ನು ಇನ್ನೊಮ್ಮೆ ನೋಡಿ ಮಲಗುತ್ತಾರೆ. ಆಕೆ ಕಾಳಿಯನ್ನು ಗದರುವುದಿಲ್ಲ.